ನಿಂಬವ್ವ ಬರೆದ ಸಾಲು

ನಮ್ಮೂರಿಗೆ ಬೀಗ ಮಾರಲು ಬಂದವನೊಬ್ಬ ಮೂರೇ ತಿಂಗಳಿಗೆ ಅಂಗಡಿ ಎತ್ತಿಕೊಂಡು ಹೋದ. ಪಾಪ, ಅವನ ಬೀಗಗಳಲ್ಲಿ ಯಾವ ದೋಷವೂ ಇರಲಿಲ್ಲ. ಬೀಗ ಬೇಕಾದವರೇ ಇರಲಿಲ್ಲ. ನಮ್ಮಲ್ಲಿ ಮುಚ್ಚಿಟ್ಟ ಯಾವ ವಸ್ತುವಾದರೂ ತನ್ನನ್ನು ಒಪ್ಪಿಸಿಕೊಂಡ ಕೈಗಷ್ಟೇ ಸರಿಯಾಗಿ ತೆರೆದುಕೊಳ್ಳುತ್ತದೆ. ಬೇರೆ ಕೈ ಹಾಕಿದರೆ ತೆರೆಯುವುದೇ ಇಲ್ಲ ಅಂತಲ್ಲ. ತೆರೆಯುತ್ತದೆ, ಆದರೆ ಒಳಗಿದ್ದದ್ದು ಇದ್ದ ಹಾಗೆ ಸಿಗುವುದಿಲ್ಲ. ಪಕ್ಕದ ಮನೆಯವರ ಕೊಡೆ ಬಿಚ್ಚಿದರೆ ಕೊಡೆಯ ಒಳಗೂ ಮಳೆ ಬೀಳುತ್ತದೆ. ಅತ್ತೆಯ ಡಬ್ಬಿಗೆ ಸೊಸೆ ಕದ್ದು ಕೈ ಹಾಕಿದರೆ ಬೆಲ್ಲ ಸಿಗುತ್ತದೆ, ಸಿಹಿ ಸಿಗುವುದಿಲ್ಲ. ಕಳ್ಳತನ ನಮ್ಮೂರಿನಲ್ಲಿ ಬಲು ಬೇಸರದ ಕಸುಬು. ಹಾಗಾಗಿ ಅದನ್ನು ಯಾರೂ ಹಿಡಿದಿಲ್ಲ.

ಹಾಗಂತ ವಸ್ತುಗಳೇನು ಒಂದೇ ಕೈಗೆ ಅಂಟಿಕೊಂಡು ಕೂರುವುದಿಲ್ಲ. ಒಪ್ಪಿಸುವ ಪದ್ಧತಿ ಇದೆ. ಹಳೆಯ ಕೈ ಕೆಳಗೆ, ಹೊಸ ಕೈ ಮೇಲೆ ಇಟ್ಟು ಮೂರು ಸಲ ತೆಗೆದು ಮುಚ್ಚಿ, ಕೊನೆಗೆ 'ಯಾವಾಗಲೂ' ಎಂದರೆ ಮುಗಿಯಿತು. ಇದಕ್ಕೆ ಎರಡು ಕಟ್ಟುಪಾಡು. ಒಂದು, ಮನೆಯಲ್ಲಿ ಯಾರು ಎಲ್ಲರಿಗಿಂತ ಹಿರಿಯರೋ ಅವರನ್ನು ಬಿಟ್ಟು ಕಿರಿಯರಿಗೆ ಕೊಡುವಂತಿಲ್ಲ, ಹಿರಿಯರೇ ಬೇಡ ಅನ್ನಬೇಕು. ಎರಡು, 'ಯಾವಾಗಲೂ' ಎಂದದ್ದನ್ನು ಬಿಡಿಸಬೇಕಾದರೆ ಅದಕ್ಕೂ ಹಿಂದೆ ಆ ವಸ್ತುವನ್ನು ತೆರೆಯುತ್ತಿದ್ದ ಕೈಯೇ ಬರಬೇಕು. ಇನ್ನು, ಯಾರಿಗೂ ಒಪ್ಪಿಸದೆ ಸತ್ತುಹೋದವರ ವಸ್ತುಗಳ ಗತಿಯೇನು? ಅದಕ್ಕೇ ಇರುವುದು ನಾನು ಟಪಾಲು ನೋಡುವ ಕೈ ಕಚೇರಿ.

ಊರಿನ ದೊಡ್ಡವರೆಲ್ಲ ಎಂದಾದರೊಂದು ದಿನ ನಮ್ಮ ಕಚೇರಿಗೆ ಬಂದು ತಮ್ಮ ಹೆಸರು, ತಮ್ಮ ವಸ್ತು, ತಮ್ಮ ನಂತರ ಅದು ಯಾವ ಕೈಗೆ ಹೋಗಬೇಕು ಎಂಬುದನ್ನು ಬರೆಸುತ್ತಾರೆ. ಬರೆಸುತ್ತಾರೆ ಅಂದೆನಲ್ಲ, ತಪ್ಪಾಯಿತು, ತಾವೇ ಬರೆಯುತ್ತಾರೆ. ಅವರು ಬರೆದು ಮುಗಿಸುವ ತನಕ ಕ್ಲಾರ್ಕರು ಗೋಡೆಗೆ ಮುಖ ಮಾಡಿ ನಿಂತಿರಬೇಕು. ಬರೆದವರು ಬದುಕಿರುವವರೆಗೆ ಆ ಸಾಲನ್ನು ಯಾರೂ ಓದುವಂತಿಲ್ಲ. ಸತ್ತ ಗಳಿಗೆಯಿಂದಲೇ ಹೆಸರಿದ್ದ ಕೈಗೆ ವಸ್ತು ಒಲಿಯುತ್ತದೆ, ಅದು ಯಾರ ಕೈ ಎಂದು ಓದಿ ಹೇಳುವುದಷ್ಟೇ ನಮ್ಮ ಕೆಲಸ. ಮೊದಲು ಇದೆಲ್ಲ ದಪ್ಪ ರಿಜಿಸ್ಟರುಗಳಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಹತ್ತಿಸಿ, ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದು ಮನೆ ಹಾಕಿದ ಒಂದೇ ಒಂದು ಸ್ಪ್ರೆಡ್‌ಶೀಟ್ ಫೈಲು ಮಾಡಿದವರು ಹೆಡ್ ಕ್ಲಾರ್ಕ್ ಗುರುಶಾಂತಪ್ಪನವರು.

ಗುರುಶಾಂತಪ್ಪನವರು ಮೂವತ್ತೊಂದು ವರ್ಷ ಆ ಕುರ್ಚಿಯಲ್ಲಿ ಕೂತವರು. ಶಿಸ್ತೆಂದರೆ ಶಿಸ್ತು. ಓಡಾಡುವಾಗ ಎಡಗೈ ಸದಾ ಬೆನ್ನ ಹಿಂದೆ ಇರುತ್ತಿತ್ತು, ಅದನ್ನು ನಾವು ಹೆಡ್ ಕ್ಲಾರ್ಕರ ಗತ್ತು ಅಂದುಕೊಂಡಿದ್ದೆವು. ಅಕ್ಷರ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಕಂಪ್ಯೂಟರ್ ಬಂದಾಗ ಕಚೇರಿಯಲ್ಲಿ ಎಲ್ಲರಿಗಿಂತ ಹಿಗ್ಗಿದವರು ಅವರೇ.

ಅವರ ನಂತರ ಆ ಕುರ್ಚಿಗೆ ಬಂದವಳು ಕಸ್ತೂರಕ್ಕ. ಹದಿನೆಂಟು ವರ್ಷ ಅವರ ಕೈಕೆಳಗೆ ದುಡಿದವಳು, ಮಾತು ಜೋರು, ಮನಸ್ಸು ಬೆಣ್ಣೆ. ಗುರುಶಾಂತಪ್ಪನವರು ನಿವೃತ್ತರಾಗುವ ದಿನ ಫೈಲಿನ ಕೈ ಒಪ್ಪಿಸಿಕೊಳ್ಳಲೆಂದು ಅವಳು ಹೊಸ ಸೀರೆ ಉಟ್ಟು ಬಂದಿದ್ದಳು. ಅವರು ಬರಲೇ ಇಲ್ಲ. ಅವರ ಹೆಂಡತಿ ನಿಂಬವ್ವ ಅಂದು ಬೆಳಿಗ್ಗೆ ಆಸ್ಪತ್ರೆ ಸೇರಿದ್ದರು. 'ನೀವೇ ನಡೆಸಿಕೊಂಡು ಹೋಗಿರಿ' ಎಂದು ಒಂದು ಚೀಟಿ ಬಂತು, ಅಷ್ಟೇ. ಕಸ್ತೂರಕ್ಕನಿಗೆ ಕಾರಣ ಗೊತ್ತಿತ್ತು, ಆದರೂ ಹೊಸ ಸೀರೆಯ ಸಿಟ್ಟು ಇಳಿಯಲಿಲ್ಲ. ಸಂತೆಯಲ್ಲಿ ನಾಲ್ಕು ಜನರ ಮುಂದೆ, ಕೈ ಒಪ್ಪಿಸದೆ ಹೋದ ಹೆಡ್ ಕ್ಲಾರ್ಕು ಎಂದು ಆಡಿಬಿಟ್ಟಳು. ಸಂತೆಯ ಮಾತು ಸಂಜೆಯೊಳಗೆ ಅವರ ಮನೆ ಮುಟ್ಟಿತು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಹಳೆಯ ಕಂಪ್ಯೂಟರು ಇದ್ದಷ್ಟು ದಿನ, ಗುರುಶಾಂತಪ್ಪನವರು ತೆರೆದಿಟ್ಟುಹೋದ ಫೈಲನ್ನು ಮುಚ್ಚದೆ ಹೇಗೋ ನಡೆಸಿದೆವು. ಕಳೆದ ವರ್ಷ ಅದು ಕಣ್ಣು ಮುಚ್ಚಿತು. ಜಿಲ್ಲೆಯಿಂದ ಬಂದ ಮೆಕ್ಯಾನಿಕ್ಕು ಹೊಸದೊಂದನ್ನು ಕೂರಿಸಿ, ಹಳೆಯ ಫೈಲುಗಳನ್ನೆಲ್ಲ ಅದಕ್ಕೆ ತುಂಬಿ, ಶೀಟು ತೆರೆಯುವ ಹೊಸ ಪ್ರೋಗ್ರಾಮೊಂದನ್ನು ಹಾಕಿ ಬಸ್ಸು ಹಿಡಿದ. ಕಸ್ತೂರಕ್ಕ ಕೈಮುಗಿದು ಫೈಲನ್ನು ಒತ್ತಿದಳು. ಆಗ ಪರದೆ ಕೇಳಿತು: ಇದನ್ನು ಯಾವುದರಿಂದ ತೆರೆಯಲಿ? ಕೆಳಗೆ ನಾಲ್ಕೈದು ಪ್ರೋಗ್ರಾಮುಗಳ ಹೆಸರು. ಅದರ ಕೆಳಗೊಂದು ಚಿಕ್ಕ ಚೌಕ, ಚೌಕದ ಪಕ್ಕ ಒಂದೇ ಪದ: ಯಾವಾಗಲೂ.

ಬೇರೆ ಊರಿನವರಾಗಿದ್ದರೆ ಕಣ್ಣು ಮಿಟುಕಿಸುವುದರಲ್ಲಿ ಒತ್ತಿಬಿಡುತ್ತಿದ್ದರು. ನಾವು ಒತ್ತುವುದಾದರೂ ಹೇಗೆ? ಕಸ್ತೂರಕ್ಕ ಸೆರಗು ಸರಿಮಾಡಿಕೊಂಡು, ಇವರಲ್ಲಿ ಹಿರಿಯರು ಯಾರು ಎಂದು ನನ್ನನ್ನು ಕೇಳಿದಳು. ನಾನೋ ಮಹಾ ಬುದ್ಧಿವಂತ. ಶೀಟಿನ ಪ್ರೋಗ್ರಾಮು ನಿನ್ನೆ ಬಂದದ್ದು, ಚಿತ್ರ ತೋರಿಸುವುದು ಅದರ ಹಿಂದಿನದು, ಬರೇ ಅಕ್ಷರ ಬರೆಯುವ ಸಾದಾ ಪ್ರೋಗ್ರಾಮೊಂದಿದೆಯಲ್ಲ, ಅದು ಕಚೇರಿಗೆ ಮೊಟ್ಟಮೊದಲ ಕಂಪ್ಯೂಟರು ಬಂದ ದಿನದಿಂದ ಇದೆ ಎಂದೆ. ಕಸ್ತೂರಕ್ಕ ಅದಕ್ಕೆ ನಮಸ್ಕಾರ ಮಾಡಿ ಅದನ್ನೇ ಆರಿಸಿದಳು. ಚೌಕದೊಳಗೆ ಟಿಕ್ ಕೂಡ ಮಾಡಿದಳು. ಪರದೆ ತುಂಬ ಚಚ್ಚೌಕ, ಪ್ರಶ್ನಾರ್ಥಕ ಚಿಹ್ನೆ, ಯಾವ ದೇಶದ್ದೂ ಅಲ್ಲದ ಅಕ್ಷರಗಳು ಸುರಿದವು. ಊರಿನ ಅಷ್ಟೂ ಜನರ ಹೆಸರು ಅದರಲ್ಲಿತ್ತು, ಒಂದು ಹೆಸರೂ ಓದಲು ಬರುವಂತಿರಲಿಲ್ಲ.

ನಾವೇನು ಎದೆಯೊಡೆದುಕೊಳ್ಳಲಿಲ್ಲ. ಒಳಗಿದ್ದದ್ದು ಕೆಟ್ಟಿಲ್ಲ, ಕೈ ತಪ್ಪಿದೆ ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಕಸ್ತೂರಕ್ಕ ಮೆಕ್ಯಾನಿಕ್ಕಿಗೆ ಫೋನು ಮಾಡಿದಳು. ಅವನು, ಫೈಲಿನ ಮೇಲೆ ಬಾಣವಿಟ್ಟು ಮೌಸಿನ ಬಲಗುಂಡಿ ಒತ್ತಿ, ಯಾವುದರಿಂದ ತೆರೆಯಬೇಕು ಎಂಬಲ್ಲಿ ಶೀಟಿನ ಪ್ರೋಗ್ರಾಮನ್ನು ಆರಿಸಿ, ಯಾವಾಗಲೂ ಎಂದು ಟಿಕ್ ಮಾಡಿ, ಅರ್ಧ ನಿಮಿಷದ ಕೆಲಸ ಎಂದ. ಹಾಗಾದರೆ ಹಿರಿಯರಿಗೆ ಏನಂತ ಹೇಳುವುದು ಎಂದು ಇವಳು ಕೇಳಿದಳು. ಆ ಕಡೆ ಫೋನು ಕಡಿದುಹೋಯಿತು.

ಅವನು ಹೇಳಿದ್ದನ್ನೆಲ್ಲ ಮಾಡಿದೆವು. ಟಿಕ್ ನಿಲ್ಲುತ್ತಿರಲಿಲ್ಲ. ಮಾಡಿದ ಮರುಗಳಿಗೆ ಫೈಲು ತಿರುಗಿ ಹಿರಿಯರ ಹತ್ತಿರವೇ ಹೋಗಿ ಅದೇ ಚಚ್ಚೌಕಗಳನ್ನು ಸುರಿಯುತ್ತಿತ್ತು. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬಾಲದಂತೆ ಮೂರ್ನಾಲ್ಕು ಅಕ್ಷರ ಇರುತ್ತವಲ್ಲ, ಅದನ್ನು ನಾನೊಮ್ಮೆ ಬದಲಿಸಲು ಹೋದೆ. ಹೀಗೆ ಮಾಡಿದರೆ ಫೈಲು ಉಪಯೋಗಕ್ಕೆ ಬಾರದೆ ಹೋದೀತು ಎಂದು ಯಂತ್ರ ಗದರಿಸಿತು. ನಾನು ಬಾಲವನ್ನು ಇದ್ದಲ್ಲೇ ಅಂಟಿಸಿ ಎದ್ದುಬಂದೆ. ಬಿಡಿಸಬೇಕಾದ ಕೈ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಆ ಹೆಸರನ್ನು ಕಸ್ತೂರಕ್ಕನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪುಣ್ಯಕ್ಕೆ ನಾಲ್ಕು ತಿಂಗಳು ಊರಿನಲ್ಲಿ ಯಾರೂ ಸಾಯಲಿಲ್ಲ.

ಆಮೇಲೆ ನಿಂಬವ್ವ ಹೋದರು. ಹಿಂದಿನ ದಿನ ಗೆಲುವಾಗಿಯೇ ಇದ್ದವರು, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಯಾರಿಗೂ ಏನನ್ನೂ ಒಪ್ಪಿಸಿರಲಿಲ್ಲ.

ಹದಿನೈದನೆಯ ದಿನ ಗುರುಶಾಂತಪ್ಪನವರು ಕಚೇರಿಗೆ ಬಂದರು. ತಾವು ಕೂತ ಕುರ್ಚಿಯ ಮುಂದೆ, ಎಲ್ಲರಂತೆ ಸಾಲಿನಲ್ಲಿ ನಿಂತು, ಭರ್ತಿ ಮಾಡಿದ ಅರ್ಜಿ ಕೊಟ್ಟರು. ಅಕ್ಷರ ಮೊದಲಿನ ಹಾಗೇ ಕಾಗೆ ಕಾಲು. ಮೈ ಇಳಿದಿತ್ತು.

"ನಿಂಬವ್ವನ ಸಾಲು ತಗದು ನೋಡ್ರಿ," ಎಂದರು. "ಯಾರ ಹೆಸರು ಬರದಾಳ ಅಷ್ಟು ಹೇಳ್ರಿ. ಅವರಿಗೆ ಖಾರದ ಡಬ್ಬಿ ಮುಟ್ಟಿಸಿ ಬರ್ತೀನಿ."

ಕಸ್ತೂರಕ್ಕ ಅರ್ಜಿ ನೋಡುತ್ತ, ಗುರುವಾರ ಬರಲು ಹೇಳಿದಳು. ಗುರುವಾರ ಬಂದರು. ಕರೆಂಟಿಲ್ಲ ಎಂದಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರು ಫ್ಯಾನು ನೋಡಿದರು, ಅವಳನ್ನು ನೋಡಿದರು, ಎಡಗೈ ಬೆನ್ನಿಗಿಟ್ಟುಕೊಂಡು ಹೊರಟುಹೋದರು. ಹಳೆಯ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡರೇನೋ. ಅವಳು ಮಾತ್ರ ಅಂದು ಬುತ್ತಿ ಬಿಚ್ಚಲಿಲ್ಲ. ಬೇಕರಿಯವನು ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಗುರುಶಾಂತಪ್ಪನವರು ಎರಡು ಹೊತ್ತೂ ಬನ್ನು ತಿಂದು ಬದುಕಿದ್ದರು. ಅಡಿಗೆಮನೆಯ ಡಬ್ಬಿಗಳೆಲ್ಲ ನಿಂಬವ್ವನವು. ಗಂಡ ಮುಚ್ಚಳ ತೆಗೆದರೆ ಖಾರದಪುಡಿ ಇಟ್ಟಿಗೆಪುಡಿ, ಸಕ್ಕರೆ ಮರಳು.

ಮರುದಿನ ಮಧ್ಯಾಹ್ನ ಕಸ್ತೂರಕ್ಕ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದಳು. ಕರೆದುಕೊಂಡು ಎನ್ನುವುದಕ್ಕಿಂತ ಎಳೆದುಕೊಂಡು ಅನ್ನಬೇಕು, ಹಿರಿಯರನ್ನು ತೋರಿಸಿಕೊಟ್ಟ ಬೆರಳು ನನ್ನದಲ್ಲವೇ? ಅವರು ಮಾತಾಡದೆ ಚಾಪೆ ಹಾಸಿ, ಮಾತಾಡದೆ ಚಹಾ ಕಾಸಿ ತಂದುಕೊಟ್ಟರು. ಬಾಯಿಗಿಟ್ಟೆ. ಬಿಸಿ ಇತ್ತು, ಇನ್ನೇನೂ ಇರಲಿಲ್ಲ.

"ಸಕ್ಕರಿ ಹಾಕೀನ್ರಿ," ಎಂದರು ಅವರು. "ಡಬ್ಬಿ ಅಕಿದು."

ಕಸ್ತೂರಕ್ಕ ಆ ಚಹಾವನ್ನು ತಳದ ತನಕ ಕುಡಿದಳು. ಕುಡಿದು, ಇನ್ನರ್ಧ ಕಪ್ಪು ಕೇಳಿದಳು. ಅದನ್ನೂ ಕುಡಿದು ಮುಗಿಸಿದ ಮೇಲೆ ಅವಳ ಕಣ್ಣು ತುಂಬಿ ಬಂತು. ಬಾಯಿಬಡಿಕಿ ಕಸ್ತೂರಕ್ಕ ದನಿ ಇಳಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಸಾಹೇಬ್ರ, ನಿಮ್ಮ ಫೈಲು ತೆರೀವಲ್ದು. ನಾನು ಅದನ್ನ ಹಿರೇರ ಕೈಯಾಗ ಕೊಟ್ಟೀನಿ. ಯಾವಾಗಲೂ ಅಂತ ಟಿಕ್ಕೂ ಮಾಡೀನಿ. ನಾಕು ತಿಂಗಳಾತು, ನಿಮಗ ಮುಖ ತೋರಿಸಾಕ ನಾಚಿಕಿ ಬಂದು ಸುಮ್ಮನಿದ್ದೆ."

ಯಾವ ಹಿರಿಯರು ಎಂದು ಅವರು ಕೇಳಿದರು. ಹೇಳಿದಳು. ಗುರುಶಾಂತಪ್ಪನವರು ಕಪ್ಪು ಕೆಳಗಿಟ್ಟರು. ಬೈಯುತ್ತಾರೆಂದು ನಾನು ಗೋಡೆ ನೋಡತೊಡಗಿದೆ. ಅವರು ನಗುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಕಚೇರಿ ಕಾಣದ ನಗು ಅದು. ಆ ಸಾದಾ ಪ್ರೋಗ್ರಾಮು ತಮಗಿಂತ ಮೊದಲು ಕಂಪ್ಯೂಟರಿಗೆ ಬಂದದ್ದು, ಆ ಕುರ್ಚಿಯಲ್ಲಿ ತಾವಿದ್ದರೂ ಅದಕ್ಕೇ ಕೊಡುತ್ತಿದ್ದುದಾಗಿ ಹೇಳಿದರು. ಅಂದು ಕೈ ಒಪ್ಪಿಸದೆ ಹೋದದ್ದು ತಮ್ಮದೂ ತಪ್ಪೇ ಎಂದೂ ಸೇರಿಸಿದರು.

"ಅವತ್ತ ಆಸ್ಪತ್ರ್ಯಾಗ ಹೆಂಡತಿ ಕೈ ಹಿಡಕೊಂಡು ಕುಂತಿದ್ರಿ," ಎಂದಳು ಕಸ್ತೂರಕ್ಕ ಮೂಗು ಒರೆಸಿಕೊಳ್ಳುತ್ತ. "ಅದನ್ನ ಬಿಟ್ಟು ಬಂದು ನನ್ನ ಕೈ ಹಿಡೀಬೇಕಿತ್ತೇನು? ನನಗೇ ಬುದ್ಧಿ ಇರಲಿಲ್ಲ."

ಗುರುಶಾಂತಪ್ಪನವರು ಅಡಿಗೆಮನೆಯ ಕಡೆ ನೋಡುತ್ತ ಕೂತಿದ್ದರು. ಅಲ್ಲಿ ಹಲಗೆಯ ಮೇಲೆ ನಿಂಬವ್ವನ ಡಬ್ಬಿಗಳು ಒರೆಸಿಟ್ಟ ಹಾಗೆ ಸಾಲಾಗಿದ್ದವು.

"ಒಂದು ಮಾತು ಹೇಳ್ರಿ," ಎಂದರು. "ಮೂವತ್ತೆಂಟು ವರ್ಷ ಬಾಳ್ವಿ ಮಾಡೀವಿ. ನನ್ನ ಕೈಗೆ ರುಚಿ ಬರಲಿಲ್ಲ ಅಂದ್ರ, ಅಕಿ ನನ್ನ ಹೆಸರು ಬರದಿಲ್ಲ ಅಂತನ ಅಲ್ಲೇನ್ರಿ?"

ಆಗ ನನಗೆ ತಿಳಿಯಿತು, ಅವರು ಕಚೇರಿಗೆ ಅಲೆದದ್ದು ಖಾರದಪುಡಿಗಾಗಿ ಅಲ್ಲ. ಹೆಂಡತಿ ತಮ್ಮನ್ನು ಬಿಟ್ಟು ಯಾರನ್ನು ನೆನೆದಳು ಎಂಬುದು ಅವರ ಜೀವ ತಿನ್ನುತ್ತಿತ್ತು. ಕಸ್ತೂರಕ್ಕ ಕಪ್ಪು ಸರಿಸಿಟ್ಟಳು. ನಡೆಯಿರಿ, ಕಚೇರಿ ಇನ್ನೂ ಮುಚ್ಚಿಲ್ಲ ಎಂದಷ್ಟೇ ಹೇಳಿ ಎದ್ದಳು.

ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಇಬ್ಬರೂ ಕುರ್ಚಿ ಹತ್ತಿರ ಎಳೆದುಕೊಂಡರು. ಮೌಸಿನ ಮೇಲೆ ಅವರು ಬಲಗೈ ಇಟ್ಟರು, ಅದರ ಮೇಲೆ ಕಸ್ತೂರಕ್ಕ ತನ್ನ ಕೈ ಇಟ್ಟಳು. ಬಾಣ ಫೈಲಿನ ಮೇಲೆ ಹೋಯಿತು. ಬಲಗುಂಡಿ ಒತ್ತಿದರು. ಯಾವುದರಿಂದ ತೆರೆಯಲಿ ಎಂಬ ಪಟ್ಟಿ ಬಿಚ್ಚಿಕೊಂಡಿತು. ಹಿರಿಯ ಪ್ರೋಗ್ರಾಮಿನ ಹೆಸರಿನ ಮೇಲೆ ಬಾಣ ತಂದು ಗುರುಶಾಂತಪ್ಪನವರು ಸ್ವಲ್ಪ ನಿಂತರು. ನೀವು ಬರೇ ಅಕ್ಷರ ಬಲ್ಲವರು, ಇಷ್ಟು ಮನೆಗಳನ್ನು ನಿಮ್ಮ ತಲೆಗೆ ಕಟ್ಟಿದ್ದು ನಮ್ಮ ತಪ್ಪು ಎಂದು ಅದಕ್ಕೆ ಮೆಲ್ಲಗೆ ಹೇಳಿದರು. ಹಿರಿಯರು ಸಿಟ್ಟಾಗಲಾರರೇ ಎಂದು ಕಸ್ತೂರಕ್ಕ ಕೇಳಿದಳು.

"ಭಾರ ಇಳಿಸಿದ್ರ ಹಿರೇರು ಸಿಟ್ಟಾಗಂಗಿಲ್ಲವಾ," ಎಂದರು ಅವರು. "ಆರಾಮ ನಿದ್ದಿ ಮಾಡ್ತಾರ."

ಬಾಣ ಕೆಳಗಿಳಿದು ಶೀಟಿನ ಪ್ರೋಗ್ರಾಮನ್ನು ಹಿಡಿಯಿತು. ಚೌಕದಲ್ಲಿ ಟಿಕ್ ಬಿತ್ತು. ಫೈಲು ತೆರೆಯಿತು, ಮುಚ್ಚಿದರು, ತೆರೆದರು, ಮುಚ್ಚಿದರು. ಮೂರನೆಯ ಸಲ ಮುಚ್ಚಿ ಇಬ್ಬರೂ ಒಟ್ಟಿಗೆ 'ಯಾವಾಗಲೂ' ಎಂದ ಮೇಲೆ ಗುರುಶಾಂತಪ್ಪನವರು ತಮ್ಮ ಕೈಯನ್ನು ಅಡಿಯಿಂದ ಮೆಲ್ಲಗೆ ಹೊರಗೆಳೆದುಕೊಂಡರು. ಕಸ್ತೂರಕ್ಕ ಒಬ್ಬಳೇ ಒತ್ತಿದಳು. ಗೆರೆಗಳು ಗೆರೆಗಳಾಗಿ, ಹೆಸರುಗಳು ಹೆಸರುಗಳಾಗಿ, ಇಡೀ ಊರು ತನ್ನ ತನ್ನ ಸಾಲಿನಲ್ಲಿ ಬಂದು ನಿಂತಿತು. ನನಗಂತೂ ಕುಣಿಯುವಷ್ಟು ಸಂತೋಷವಾಯಿತು.

ಗುರುಶಾಂತಪ್ಪನವರು ಮಾತ್ರ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ನಿಂಬವ್ವ ತನ್ನ ಸಾಲು ಬರೆದ ದಿನವೂ ಅವರು ಅಲ್ಲೇ ಹಾಗೇ ನಿಂತಿದ್ದರು. ಆಕೆ ಒಂದೇ ಬೆರಳಿನಲ್ಲಿ ಒಂದು ಗಂಟೆ ಹೊತ್ತು ಕುಟ್ಟಿದ್ದರು. ಎರಡು ಅಕ್ಷರಕ್ಕೆ ಎಷ್ಟು ಹೊತ್ತು ಎಂದು ಇವರು ಗೋಡೆಯಿಂದಲೇ ಗದರಿದ್ದು ನನಗೆ ನೆನಪಿತ್ತು. ಈಗ ಬೆನ್ನ ಹಿಂದಿನ ಎಡಗೈಯ ಬೆರಳುಗಳು ಬಿಚ್ಚುತ್ತ ಮುಚ್ಚುತ್ತ ಇದ್ದವು.

ಕಸ್ತೂರಕ್ಕ ಸಾಲು ಹುಡುಕಿದಳು. ಖಾರದ ಡಬ್ಬಿ, ಸಕ್ಕರೆ ಡಬ್ಬಿ, ಜೋಳದ ಹಿಟ್ಟಿನ ಡಬ್ಬಿ, ಹೊಲಿಗೆಯ ಪೆಟ್ಟಿಗೆ, ಅಡಿಗೆಮನೆಯ ಕಿಟಕಿ, ಹೀಗೆ ಹನ್ನೆರಡು ವಸ್ತು. ಹನ್ನೆರಡರ ಎದುರಿಗೂ 'ನನ್ನ ನಂತರ' ಎಂಬ ಮನೆಯಲ್ಲಿ ಒಂದೇ ಮಾತು, ಹನ್ನೆರಡು ಸಲ ಕುಟ್ಟಿದ್ದು. ಅವಳು ಓದಿ ನನ್ನ ಮುಖ ನೋಡಿದಳು. ನಾನೂ ಬಗ್ಗಿ ಓದಿದೆ.

"ಸಾಹೇಬ್ರ, ನಿಮ್ಮನ್ನೇ ಬರದಾರ್ರಿ," ಎಂದಳು.

ಬೆನ್ನ ಹಿಂದಿನ ಬೆರಳುಗಳು ಬಿಚ್ಚಿದ್ದಲ್ಲೇ ನಿಂತವು. ಆಮೇಲೆ, ಹಾಗಾದರೆ ರುಚಿ ಯಾಕೆ ಬರಲಿಲ್ಲ ಎಂದು ಕೇಳಿದರು.

"ಕೈ ತಪ್ಪೇತ್ರಿ. ಗುರುಶಾಂತಪ್ಪ, ನಮ್ಮ ಮನಿಯವರು, ಅವರ ಎಡಗೈ ಅಂತ ಬರದಾರ."

ಅವರು ತಿರುಗಿದರು. ಬೆನ್ನ ಹಿಂದಿನ ಕೈಯನ್ನು ಮುಂದೆ ತಂದು, ಬಹಳ ದಿನದ ಮೇಲೆ ಬಂದ ನೆಂಟರನ್ನು ನೋಡುವ ಹಾಗೆ ನೋಡಿದರು. ಗೆಣ್ಣುಗಳ ಮೇಲೆ ಹಳೆಯ ಗಾಯದ ಬಿಳಿ ಗೆರೆಗಳಿದ್ದವು. ಇಷ್ಟು ವರ್ಷ ನಾನು ಅವನ್ನು ಕಂಡೇ ಇರಲಿಲ್ಲ. ಚಿಕ್ಕಂದಿನಲ್ಲಿ ಅವರು ಎಡಚರಂತೆ. ಶಾಲೆಯಲ್ಲಿ ಆ ಕೈಗೆ ಪಟ್ಟಿಯ ಏಟು ಬಿದ್ದು ಬಿದ್ದು ಅದು ಬೆನ್ನ ಹಿಂದೆ ಹೋಗಿ ಕೂತದ್ದು, ಮತ್ತೆ ಮುಂದೆ ಬಂದಿರಲಿಲ್ಲ. ಗತ್ತೂ ಅಲ್ಲ ಗಿತ್ತೂ ಅಲ್ಲ.

"ಬಾಗಲಾ ಹಾಕಿದ ಮ್ಯಾಲ ಅಕಿ ನನಗ ಎಡಗೈಲೆ ಉಣ್ಣಾಕ ಬಿಡ್ತಿದ್ಲು," ಎಂದರು. "ಆ ಕೈಲೆ ಉಂಡ್ರನ ನಿಮಗ ಹೊಟ್ಟಿ ತುಂಬ್ತದ ಅಂತಿದ್ಲು. ಅಕಿ ಒಬ್ಬಾಕಿಗೆ ಗೊತ್ತಿತ್ತು. ಸತ್ತಾಕಿ ಡಬ್ಬಿ ಎಡಗೈಲೆ ಮುಟ್ಟೂದು ಹ್ಯಾಂಗಂತ ನಾನು ಮುಟ್ಟಲೇ ಇಲ್ಲ."

ನಾವು ಮೂವರೂ ಕಚೇರಿಯ ಬಾಗಿಲು ಎಳೆದುಕೊಂಡು ಅವರ ಮನೆಗೆ ನಡೆದೆವು. ಇನ್ನೂ ಬಿಸಿಲಿತ್ತು. ಅವರು ಎಡಗೈಯನ್ನು ಬೀಸಿಕೊಂಡು ನಡೆಯುತ್ತಿದ್ದರು, ಅದಕ್ಕೆ ಅಭ್ಯಾಸವಿಲ್ಲದೆ ಆ ಕೈ ಒಮ್ಮೆ ಬೇಲಿಗೆ, ಒಮ್ಮೆ ನನಗೆ ತಾಗುತ್ತಿತ್ತು. ಮನೆ ಹೊಕ್ಕವರೇ ಅಡಿಗೆಮನೆಗೆ ಹೋಗಿ ಮೊದಲು ಕಿಟಕಿ ತೆರೆದರು. ಆಮೇಲೆ ಹಲಗೆಯಿಂದ ಖಾರದ ಡಬ್ಬಿ ಇಳಿಸಿ, ಬಲಗೈಯಲ್ಲಿ ತಬ್ಬಿ ಹಿಡಿದು, ಎಡಗೈಯಿಂದ ಮುಚ್ಚಳ ತೆಗೆದರು.

ಬೆಳ್ಳುಳ್ಳಿ, ಕೊಬ್ಬರಿ, ಹುರಿದ ಮೆಣಸಿನಕಾಯಿಯ ಘಾಟು ಭಗ್ಗನೆ ಎದ್ದು ಮೂವರೂ ಸೀನತೊಡಗಿದೆವು. ಕಸ್ತೂರಕ್ಕ ಏಳು ಸಲ ಸೀನಿದಳು. ಗುರುಶಾಂತಪ್ಪನವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅದನ್ನು ಅವರು ಖಾರದ ಲೆಕ್ಕಕ್ಕೆ ಹಾಕಿದರು. ನಾವೂ ಅದನ್ನು ಅದೇ ಲೆಕ್ಕಕ್ಕೆ ಬರೆದುಕೊಂಡೆವು.

ನಿಂಬವ್ವ ಇದ್ದಿದ್ದರೆ ಮನೆಗೆ ಬಂದವರನ್ನು ಹಾಗೇ ಕಳಿಸುತ್ತಿರಲಿಲ್ಲ ಎಂದು ಅವರು ಜಾಡಿಯಿಂದ ಎಣ್ಣೆ ಬಿಟ್ಟು ಖಾರ ಕಲಸಿದರು. ಕಸ್ತೂರಕ್ಕ ಕಚೇರಿಯಿಂದ ಜೊತೆಗೇ ತಂದಿದ್ದ ಬುತ್ತಿಯ ರೊಟ್ಟಿ ಮೂರು ತುಂಡಾಯಿತು. ಅವರು ಒಂದು ತುಂಡಿಗೆ ಖಾರ ಸವರಿ ಅವಳ ಕಡೆ ಚಾಚಿದರು, ಎಡಗೈಯಲ್ಲೇ. ಚಾಚಿದ ಮೇಲೆ ತಿಳಿಯಿತು, ಕೈ ತಡೆಯಿತು. ಎಡಗೈಯಿಂದ ಕೊಡುವುದೆಂದರೆ ಎಲ್ಲ ಊರಿನಂತೆ ನಮ್ಮೂರಿನಲ್ಲೂ ಜಗಳಕ್ಕೆ ಕರೆದಂತೆ. ಅವರ ಮುಖ ಸಣ್ಣಗಾಯಿತು, ಆ ಕೈ ತಿರುಗಿ ಬೆನ್ನ ಹಿಂದೆ ಹೋಗಲು ಹವಣಿಸಿತು.

ಕಸ್ತೂರಕ್ಕ ಹೋಗಗೊಡಲಿಲ್ಲ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಎಡಗೈ ಚಾಚಿ ರೊಟ್ಟಿ ಇಸಿದುಕೊಂಡಳು. ನಾನೂ ಎಡಗೈ ಒಡ್ಡಿದೆ.